ದಪ್ಪ ಅಕ್ಷರದ 5.6: ವಯಸ್ಸಾದ ಗಂಡಸರ ಪಿಎಸ್‌ಎ ರಿಪೋರ್ಟ್ ಓದುವುದು ಹೇಗೆ?

ಕಳೆದ ವರ್ಷ ತಿಪಟೂರಿನಿಂದ ದೊಡ್ಡಪ್ಪನ ಮಗ ಒಂದು ಫೋಟೊ ಕಳಿಸಿದ. ಲ್ಯಾಬ್ ರಿಪೋರ್ಟಿನ ಮೂರನೇ ಪುಟ. ಕೊಲೆಸ್ಟ್ರಾಲ್, ಥೈರಾಯ್ಡ್, ವಿಟಮಿನ್ ಡಿ ಎಲ್ಲ ಮುಗಿದ ಮೇಲೆ ಕೆಳಗೊಂದು ಸಾಲು. ಪಿಎಸ್‌ಎ 5.6. ಆ ಅಂಕಿ ಮಾತ್ರ ದಪ್ಪ ಅಕ್ಷರದಲ್ಲಿ ಇತ್ತು, ಪಕ್ಕದಲ್ಲಿ ಮೇಲಕ್ಕೆ ತೋರಿಸುವ ಒಂದು ಬಾಣ. ಅದರ ಮುಂದೆ ‘ನಾರ್ಮಲ್: 0 ಇಂದ 4’ ಅಂತ ಅಚ್ಚಾಗಿತ್ತು. ಕೆಳಗೆ ಮಗ ಟೈಪ್ ಮಾಡಿದ್ದ: ‘ಅಪ್ಪ ನಿನ್ನೆಯಿಂದ ಸರಿಯಾಗಿ ಊಟ ಮಾಡ್ತಿಲ್ಲ ಕಣೋ.’

ದೊಡ್ಡಪ್ಪನಿಗೆ ಆಗ 76. ಯಾವ ತೊಂದರೆಗೂ ಅವರು ಈ ಪರೀಕ್ಷೆ ಕೇಳಿರಲಿಲ್ಲ. ಹಿರಿಯ ನಾಗರಿಕರ ಚೆಕಪ್ ಪ್ಯಾಕೇಜಿನಲ್ಲಿ ಅದೂ ಸೇರಿತ್ತು, ಅಷ್ಟೇ. ರಿಪೋರ್ಟ್ ಕೊಟ್ಟವರು ಒಂದು ಮಾತೂ ಹೇಳಲಿಲ್ಲ. ಯಾರೋ ಪಕ್ಕದ ಮನೆಯವರು ‘ಅದು ಕ್ಯಾನ್ಸರ್ ಟೆಸ್ಟ್ ಅಲ್ವಾ?’ ಅಂದುಬಿಟ್ಟರು.

ಇಂಥ ಫೋಟೊ ಈಗ ಎಷ್ಟೋ ಮನೆಗಳ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದಕ್ಕೇ ಆ ‘0 ಇಂದ 4’ ಎಲ್ಲಿಂದ ಬಂತು, 76 ವರ್ಷದವರಿಗೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ ಅನ್ನುವುದನ್ನು ನಿಧಾನವಾಗಿ ನೋಡಬೇಕು.

ಮೊದಲು ಪಿಎಸ್‌ಎ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮೂತ್ರಕೋಶದ ಕೆಳಗೆ, ಮೂತ್ರ ಹರಿಯುವ ನಾಳವನ್ನು ಸುತ್ತಿಕೊಂಡು ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ಅದು ಗಂಡಸರಿಗೆ ಮಾತ್ರ ಇರುವಂಥದ್ದು. ಈ ಗ್ರಂಥಿ ತಯಾರಿಸುವ ಒಂದು ಪ್ರೋಟೀನೇ ಪಿಎಸ್‌ಎ. ವೀರ್ಯ ತೆಳುವಾಗಿರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಸ್ವಲ್ಪ ರಕ್ತಕ್ಕೂ ಸೋರುತ್ತದೆ. ರಕ್ತ ಪರೀಕ್ಷೆಯಲ್ಲಿ ಅಳೆಯುವುದು ಆ ಸೋರಿಕೆಯನ್ನೇ, ಒಂದು ಮಿಲಿಲೀಟರಿಗೆ ಎಷ್ಟು ನ್ಯಾನೋಗ್ರಾಂ ಅಂತ. ಕ್ಯಾನ್ಸರ್ ಬಂದರೆ ಸೋರಿಕೆ ಜಾಸ್ತಿಯಾಗುತ್ತದೆ, ನಿಜ. ಆದರೆ ಸೋಂಕು ತಗುಲಿದರೂ, ಮೂತ್ರ ಕಟ್ಟಿದರೂ, ಕ್ಯಾತಿಟರ್ ಹಾಕಿದರೂ ಜಾಸ್ತಿಯಾಗುತ್ತದೆ. ಗ್ರಂಥಿ ಸುಮ್ನೆ ದೊಡ್ಡದಾದರೂ ಅಷ್ಟೇ. ಗ್ರಂಥಿ ದೊಡ್ಡದಾಗುವುದು ವಯಸ್ಸಿನ ಸಹಜ ಗುಣ. ಹರೆಯದಲ್ಲಿ ಬೆಟ್ಟದ ನೆಲ್ಲಿಕಾಯಿಯಷ್ಟಿದ್ದದ್ದು ಎಪ್ಪತ್ತರ ಹೊತ್ತಿಗೆ ದೊಡ್ಡ ನಿಂಬೆಹಣ್ಣಿನಷ್ಟಾಗಿರುತ್ತದೆ. ರಾತ್ರಿ ಮೂರು ಸಲ ಏಳುವುದು, ಧಾರೆ ಸಣ್ಣಗಾಗುವುದು, ಹೆಚ್ಚಾಗಿ ಅದರಿಂದಲೇ. ಗ್ರಂಥಿ ಬೆಳೆದಷ್ಟೂ ಪಿಎಸ್‌ಎ ಏರುತ್ತದೆ. ಇದರಲ್ಲಿ ಕ್ಯಾನ್ಸರಿನ ಪಾತ್ರವೇ ಇರಬೇಕಾಗಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1986ರಲ್ಲಿ ಈ ಪರೀಕ್ಷೆಗೆ ಮೊದಲು ಒಪ್ಪಿಗೆ ಕೊಟ್ಟಿತು. ಆಗ ಅದು ಕ್ಯಾನ್ಸರ್ ಇರುವುದು ಗೊತ್ತಾಗಿ ಚಿಕಿತ್ಸೆ ನಡೆಯುತ್ತಿದ್ದವರ ಮೇಲೆ ಕಣ್ಣಿಡಲು ಮಾತ್ರ. ಕ್ಯಾನ್ಸರ್ ಪತ್ತೆಗೂ ಬಳಸಬಹುದು ಅಂದದ್ದು 1994ರಲ್ಲಿ. ಅಷ್ಟರಲ್ಲಿ 4 ಎಂಬ ಗೆರೆ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತ್ತು. ನಲವತ್ತು ವರ್ಷದವರಿಗೂ ಅದೇ, ಎಂಬತ್ತಾದವರಿಗೂ ಅದೇ.

ಇದು ಸರಿಯಲ್ಲ ಅಂತ ಲೆಕ್ಕ ಹಾಕಿ ತೋರಿಸಿದವರು ಮೇಯೊ ಕ್ಲಿನಿಕ್ಕಿನ ಜೋಸೆಫ್ ಓಸ್ಟರ್ಲಿಂಗ್ ಮತ್ತು ಅವರ ಸಂಗಡಿಗರು, 1993ರಲ್ಲಿ. ಮಿನ್ನೆಸೋಟಾ ರಾಜ್ಯದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ 40ರಿಂದ 79 ವರ್ಷದ 471 ಗಂಡಸರನ್ನು ಪರೀಕ್ಷಿಸಿದರು. ಇವರಲ್ಲಿ ಯಾರಿಗೂ ಕ್ಯಾನ್ಸರಿನ ಸುಳಿವಿರಲಿಲ್ಲ. ವಯಸ್ಸು ಏರಿದಂತೆ ಪಿಎಸ್‌ಎ ಕೂಡ ಏರುವುದು ಕಂಡಿತು. ಅರವತ್ತರ ಆರೋಗ್ಯವಂತನಲ್ಲಿ ವರ್ಷಕ್ಕೆ ಸುಮಾರು 3.2 ಶೇಕಡಾದಷ್ಟು. ಹಾಗಾಗಿ ಅವರು ನಲವತ್ತರ ದಶಕದವರಿಗೆ 2.5, ಐವತ್ತರವರಿಗೆ 3.5, ಅರವತ್ತರವರಿಗೆ 4.5, ಎಪ್ಪತ್ತರವರಿಗೆ 6.5 ಅಂತ ಮೇಲಿನ ಮಿತಿ ಇಟ್ಟರು. ವಯಸ್ಸಿಗೆ ತಕ್ಕ ಮಿತಿ ಅನ್ನುವುದು ಇದನ್ನೇ.

ಈ ಲೆಕ್ಕದ ಪ್ರಕಾರ ದೊಡ್ಡಪ್ಪನ 5.6 ಮಿತಿಯ ಒಳಗೇ ಇತ್ತು. ಅದೇ ಹಾಳೆಯಲ್ಲಿ 47 ವರ್ಷದವರೊಬ್ಬರ 3.8 ಅಚ್ಚಾಗಿದ್ದರೆ ಬಾಣವೂ ಇಲ್ಲ, ದಪ್ಪ ಅಕ್ಷರವೂ ಇಲ್ಲ. ‘ನಾರ್ಮಲ್’ ಅಂತ ಅವರು ನೆಮ್ಮದಿಯಾಗಿ ಮಲಗಿರುತ್ತಿದ್ದರು. ಅವರ ತಂದೆಗೋ ಅಣ್ಣನಿಗೋ ಈ ಕಾಯಿಲೆ ಬಂದಿದ್ದರೆ? ಈ ಇಬ್ಬರಲ್ಲಿ ಡಾಕ್ಟರ ಹತ್ತಿರ ಮೊದಲು ಓಡಬೇಕಾದವರು ಆ 47ರವರು. ಎಲ್ಲರಿಗೂ ಒಂದೇ ಗೆರೆ ಎಳೆದರೆ ಹೀಗೆ ಎರಡೂ ಕಡೆ ತಪ್ಪುತ್ತದೆ. ವಯಸ್ಸಾದವರನ್ನು ಸುಮ್ನೆ ಹೆದರಿಸುತ್ತದೆ, ಕಿರಿಯರಿಗೆ ಸುಳ್ಳು ಧೈರ್ಯ ಕೊಡುತ್ತದೆ.

ಹಾಗಂತ 6.5 ದೇವರು ಬರೆದ ಗೆರೆ ಅಂತ ತಿಳಿಯಬಾರದು. ಅದು ಹುಟ್ಟಿದ ರೀತಿ ನೋಡಿ. ಎಪ್ಪತ್ತು ದಾಟಿದ ನೂರು ಆರೋಗ್ಯವಂತರನ್ನು ಪಿಎಸ್‌ಎ ಪ್ರಕಾರ ಸಾಲಾಗಿ ನಿಲ್ಲಿಸಿ, ಕಡಿಮೆ ಇರುವವರು ಈ ಕಡೆ, ಜಾಸ್ತಿ ಇರುವವರು ಆ ಕಡೆ. 95ನೆಯವರು ನಿಂತ ಜಾಗದಲ್ಲಿ ಗೆರೆ ಎಳೆಯಿರಿ. ಅದೇ ಮಿತಿ. ಅಂದರೆ ನೂರಕ್ಕೆ ಐದು ಜನ ಏನೂ ತೊಂದರೆ ಇಲ್ಲದೆಯೂ ಗೆರೆಯ ಆಚೆ ಬೀಳುತ್ತಾರೆ, ಲೆಕ್ಕದ ವಿಧಾನದಿಂದಲೇ. ಆರೋಗ್ಯವಂತರ ಪಿಎಸ್‌ಎ ಸಾಮಾನ್ಯವಾಗಿ ಎಷ್ಟಿರುತ್ತದೆ ಅನ್ನುವುದಕ್ಕೆ ಈ ಗೆರೆ ಉತ್ತರ. ನಮ್ಮ ಮನೆಯ ಹಿರಿಯರಿಗೆ ಕ್ಯಾನ್ಸರ್ ಇದೆಯೇ ಅನ್ನುವುದು ಬೇರೆಯೇ ಪ್ರಶ್ನೆ.

ಯಾರನ್ನು ಸಾಲಿನಲ್ಲಿ ನಿಲ್ಲಿಸಿದಿರಿ ಅನ್ನುವುದೂ ಮುಖ್ಯ. ಓಲ್ಮ್‌ಸ್ಟೆಡ್‌ನವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಓಸ್ಟರ್ಲಿಂಗ್ ಅವರೇ 1995ರಲ್ಲಿ ಜಪಾನಿನ ಗಂಡಸರ ಲೆಕ್ಕ ತೆಗೆದಾಗ ಎಪ್ಪತ್ತರ ದಶಕದ ಮಿತಿ 5ಕ್ಕೆ ಇಳಿಯಿತು. 1996ರಲ್ಲಿ ಅಮೆರಿಕದ ಕಪ್ಪು ಜನರಿಗಾಗಿ ಇನ್ನೊಂದು ತಂಡ ಮಿತಿ ಹುಡುಕಿದ್ದೇ ಬೇರೆ ದಾರಿಯಲ್ಲಿ. ಅವರು ಆರೋಗ್ಯವಂತರಿಂದ ಶುರು ಮಾಡಲಿಲ್ಲ. ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 95 ಜನ ಸಿಕ್ಕುವಂತೆ ಗೆರೆ ಎಳೆದರು. ಎಪ್ಪತ್ತು ದಾಟಿದವರಿಗೆ ಅದು 5.5 ಆಯಿತು. ಎರಡಕ್ಕೂ ‘ವಯಸ್ಸಿಗೆ ತಕ್ಕ ಮಿತಿ’ ಅಂತಲೇ ಹೆಸರು, ಆದರೆ ಒಳಗಿನ ಪ್ರಶ್ನೆಗಳು ಬೇರೆ. ಭಾರತದಲ್ಲೂ ಅಲ್ಲಲ್ಲಿ ಸಣ್ಣ ಅಧ್ಯಯನಗಳು ನಡೆದಿವೆ. ಆದರೆ ದೇಶಕ್ಕೆಲ್ಲ ಒಪ್ಪಿಗೆಯಾದ ನಮ್ಮದೇ ಕೋಷ್ಟಕ ಅಂತ ಇಲ್ಲ. ತಿಪಟೂರಿನವರ ರಕ್ತವನ್ನು ಇವತ್ತಿಗೂ ಮಿನ್ನೆಸೋಟಾದ ಅಳತೆಯಲ್ಲೋ, ಅದಕ್ಕಿಂತ ಹಳೆಯ 4ರ ಅಳತೆಯಲ್ಲೋ ಅಳೆಯುತ್ತಿದ್ದೇವೆ.

ಮಿತಿ ಏರಿಸುವುದಕ್ಕೆ ಆಗಲೇ ಜೋರು ವಿರೋಧವೂ ಬಂತು. ಪಿಎಸ್‌ಎಯನ್ನು ಕ್ಯಾನ್ಸರ್ ಪತ್ತೆಗೆ ಬಳಸುವುದನ್ನು ಮುಂಚೂಣಿಯಲ್ಲಿ ನಿಂತು ಹೇಳಿದ ಅಮೆರಿಕದ ಸರ್ಜನ್ ವಿಲಿಯಂ ಕೆಟಲೋನಾ 1994ರಲ್ಲಿ ಲೆಕ್ಕ ಮುಂದಿಟ್ಟರು. ಎಪ್ಪತ್ತು ದಾಟಿದವರಿಗೆ 4ರ ಬದಲು 6.5 ಮಾಡಿದರೆ ಬಯಾಪ್ಸಿಗಳು, ಅಂದರೆ ಗ್ರಂಥಿಯ ತುಣುಕು ತೆಗೆದು ನೋಡುವ ಪರೀಕ್ಷೆಗಳು, ಶೇಕಡಾ 44ರಷ್ಟು ಕಡಿಮೆಯಾಗುತ್ತವೆ. ಆದರೆ ಗ್ರಂಥಿಯೊಳಗೇ ಇರುವ, ಅಂದರೆ ಗುಣಪಡಿಸಬಹುದಾದ ಗಡ್ಡೆಗಳಲ್ಲಿ ಶೇಕಡಾ 47ರಷ್ಟು ಕೈತಪ್ಪುತ್ತವೆ. ಅರ್ಧಕ್ಕರ್ಧ! ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಆದರೆ ಇಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಬೇಕು. ಕೈತಪ್ಪಿದ ಆ ಗಡ್ಡೆಗಳಲ್ಲಿ ಎಷ್ಟು ಆ ಮನುಷ್ಯನಿಗೆ ಬದುಕಿರುವಷ್ಟು ದಿನ ತೊಂದರೆ ಕೊಡುತ್ತಿದ್ದವು?

ಪ್ರಾಸ್ಟೇಟ್ ಕ್ಯಾನ್ಸರ್ ಬೇರೆ ಕ್ಯಾನ್ಸರುಗಳ ಥರ ಅಲ್ಲ. ಬಹಳಷ್ಟು ಸಲ ಆಮೆಯ ನಡಿಗೆ. ಬೇರೆ ಕಾರಣಕ್ಕೆ ತೀರಿಕೊಂಡ ವಯಸ್ಸಾದವರ ಶವಪರೀಕ್ಷೆಯಲ್ಲಿ, ಬದುಕಿದ್ದಾಗ ಸುಳಿವೇ ಕೊಡದ ಸಣ್ಣ ಪ್ರಾಸ್ಟೇಟ್ ಗಡ್ಡೆಗಳು ಎಷ್ಟೋ ಜನರಲ್ಲಿ ಸಿಕ್ಕಿವೆ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗಿನ ಕ್ಯಾನ್ಸರ್ ಇದ್ದ 1,643 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ರೇಡಿಯೇಷನ್, ಮೂರನೆಯದಕ್ಕೆ ಸುಮ್ನೆ ಕಣ್ಣಿಟ್ಟು ಕಾಯುವುದು. ಹದಿನೈದು ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರೂ ಗುಂಪುಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಕೊಂಡವರು ನೂರಕ್ಕೆ ಸುಮಾರು ಎರಡು ಮೂರು ಜನ. ಹದಿನೈದು ವರ್ಷ! 78ರ ಅಜ್ಜನಿಗೆ ಹದಿನೈದು ಕೂಡಿಸಿ ನೋಡಿ.

ಇನ್ನೂ ಸಮಾಧಾನ ಕೊಡುವ ಅಂಕಿಗಳಿವೆ. ಸ್ವೀಡನ್ನಿನ ಮಾಲ್ಮೊ ಊರಿನ ಗಂಡಸರ ರಕ್ತವನ್ನು ಅರವತ್ತನೇ ವಯಸ್ಸಿನಲ್ಲಿ ತೆಗೆದಿಟ್ಟು, 85 ಆಗುವವರೆಗೂ ಅವರನ್ನು ಗಮನಿಸಿದರು. ಅರವತ್ತರಲ್ಲಿ ಪಿಎಸ್‌ಎ 1ರೊಳಗಿದ್ದವರು ಈ ಕ್ಯಾನ್ಸರಿನಿಂದ ಸಾಯುವ ಸಂಭವ ಸಾವಿರಕ್ಕೆ ಎರಡರಷ್ಟು ಮಾತ್ರ. ಅಮೆರಿಕದ ಬಾಲ್ಟಿಮೋರಿನಲ್ಲಿ ದಶಕಗಳ ಕಾಲ ನಡೆದ ಒಂದು ಅಧ್ಯಯನದಲ್ಲಿ, 75ರಿಂದ 80ರ ನಡುವೆ ಪಿಎಸ್‌ಎ 3ರ ಒಳಗಿದ್ದವರಲ್ಲಿ ಒಬ್ಬರೂ ಇದರಿಂದ ಸಾಯಲಿಲ್ಲ. ಅಂಥವರಿಗೆ ವರ್ಷ ವರ್ಷ ಮತ್ತೆ ಸೂಜಿ ಚುಚ್ಚಿ ಏನು ಸಿಗುತ್ತದೆ?

ಸಿಗುವುದು ಬೇರೆಯೇ. ಅಂಕಿ ಗೆರೆ ದಾಟಿತು ಅಂತ ಬಯಾಪ್ಸಿ. ಹಿಂಬದಿಯಿಂದ ಸೂಜಿ ಹಾಕಿ ಹತ್ತು ಹನ್ನೆರಡು ತುಣುಕು ತೆಗೆಯುತ್ತಾರೆ. ರಕ್ತ ಹೋಗುತ್ತದೆ, ಕೆಲವರಿಗೆ ಜೋರು ಸೋಂಕಾಗಿ ಆಸ್ಪತ್ರೆ ಸೇರಬೇಕಾಗುತ್ತದೆ. ತುಣುಕಿನಲ್ಲಿ ಏನೋ ಸಿಕ್ಕಿತು ಅಂದರೆ ಆಮೇಲೆ ‘ಇರಲಿ ಬಿಡಿ’ ಅನ್ನಲು ಮನೆಯವರ ಮನಸ್ಸು ಒಪ್ಪುವುದಿಲ್ಲ. ಆಪರೇಷನ್ ಆದ ಮೇಲೆ ಮೂತ್ರ ಹಿಡಿತ ತಪ್ಪಿ ಪ್ಯಾಡ್ ಹಾಕಿಕೊಳ್ಳಬೇಕಾದವರು ಇದ್ದಾರೆ. ಗಂಡ ಹೆಂಡತಿ ಸಂಬಂಧದ ಮೇಲಾಗುವ ಪರಿಣಾಮವನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅದೂ ಆಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ 2025ರ ಮೇ ತಿಂಗಳಲ್ಲಿ, 82ನೇ ವಯಸ್ಸಿನಲ್ಲಿ, ಮೂಳೆಗೆ ಹಬ್ಬಿದ ಜೋರು ಸ್ವಭಾವದ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅವರ ಕೊನೆಯ ಪಿಎಸ್‌ಎ ಪರೀಕ್ಷೆ 2014ರಲ್ಲಿ ಆಗಿತ್ತು ಅಂತ ಅವರ ಕಚೇರಿ ಹೇಳಿತು. ಅಧ್ಯಕ್ಷರಿಗೇ ಟೆಸ್ಟ್ ಮಾಡಿಸಲಿಲ್ಲವೇ ಅಂತ ಜನ ಕೇಳಿದರು. ಆದರೆ ಆ ದೇಶದ ರೋಗತಡೆ ಕಾರ್ಯಪಡೆಯ ಸಲಹೆಯೇ ಹಾಗಿತ್ತು. 2008ರಲ್ಲಿ ಅದು 75 ದಾಟಿದವರಿಗೆ ಬೇಡ ಅಂದಿತು. 2012ರಲ್ಲಿ ಯಾರಿಗೂ ಬೇಡ ಅಂದಿತು. 2018ರಲ್ಲಿ ಸ್ವಲ್ಪ ಸಡಿಲಿಸಿ, 55ರಿಂದ 69ರವರು ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ ಅಂದಿತು. ಬೈಡನ್ ಅವರಿಗೆ ಮೊದಲೇ ಪರೀಕ್ಷೆ ಆಗಿದ್ದರೆ ಏನಾಗುತ್ತಿತ್ತು ಅಂತ ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಎಪ್ಪತ್ತು ದಾಟಿದವರ ಕ್ಯಾನ್ಸರೆಲ್ಲ ಆಮೆಯೇ ಅಂದುಕೊಳ್ಳುವುದು ತಪ್ಪು ಅಂತ ಆ ಸುದ್ದಿ ನೆನಪಿಸಿತು. ಕೆಲವು ಗಡ್ಡೆ ಓಡುತ್ತವೆ.

ಹಾಗಾದರೆ ಪರೀಕ್ಷೆಯಿಂದ ಜೀವ ಉಳಿಯುತ್ತದೆಯೋ ಇಲ್ಲವೋ? ಉಳಿಯುತ್ತದೆ, ನಿಧಾನವಾಗಿ. ಯುರೋಪಿನ ಎಂಟು ದೇಶಗಳಲ್ಲಿ 55ರಿಂದ 69 ವರ್ಷದ ಸುಮಾರು 1,62,000 ಗಂಡಸರ ಮೇಲೆ ನಡೆದ ದೊಡ್ಡ ಪ್ರಯೋಗದ 23 ವರ್ಷಗಳ ಫಲಿತಾಂಶ 2025ರಲ್ಲಿ ಬಂತು. ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ 13ರಷ್ಟು ಕಡಿಮೆ. ಒಂದು ಜೀವ ಉಳಿಸಲು 456 ಜನರನ್ನು ಪರೀಕ್ಷೆಗೆ ಕರೆಯಬೇಕು. ಇಲ್ಲಿ ಗಮನಿಸಬೇಕಾದ್ದು ಕಾಲ. ಲಾಭ ಕಾಣಿಸಿಕೊಳ್ಳಲು ಹತ್ತು ವರ್ಷದ ಮೇಲೆ ಬೇಕು. ತೊಂದರೆ ಮಾತ್ರ ಮುಂದಿನ ತಿಂಗಳೇ ಶುರುವಾಗಬಹುದು. 55ರವರಿಗೆ ಈ ವ್ಯಾಪಾರ ಗಿಟ್ಟಬಹುದು. 80ರವರಿಗೆ ಗಿಟ್ಟುವುದು ಅಪರೂಪ. ನನ್ನ ಮಟ್ಟಿಗೆ ವಯಸ್ಸಿನ ಮಿತಿಯ ನಿಜವಾದ ಅರ್ಥ ಇದೇ. ಗ್ರಂಥಿ ದೊಡ್ಡದಾಗುವುದು ಒಂದು ಕಾರಣ, ಮುಂದೆ ಉಳಿದಿರುವ ವರ್ಷಗಳು ಅದಕ್ಕಿಂತ ದೊಡ್ಡ ಕಾರಣ. ರಿಪೋರ್ಟಿನ ಯಾವ ಕಾಲಮಿನಲ್ಲೂ ಆ ವರ್ಷಗಳು ಅಚ್ಚಾಗುವುದಿಲ್ಲ.

ಓಸ್ಟರ್ಲಿಂಗ್ ಕೋಷ್ಟಕ ಹಳೆಯದಾಯಿತು ಅಂದುಕೊಳ್ಳಬೇಡಿ. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಕೊನೆಗೆ ತನ್ನ ಮಾರ್ಗಸೂಚಿಯಲ್ಲಿ ಅದೇ 2.5, 3.5, 4.5, 6.5ರ ಸಾಲನ್ನು ಸೇರಿಸಿತು. 79 ದಾಟಿದವರಿಗೆ ಅಂಕಿಯನ್ನೇ ಕೊಡದೆ, ವೈದ್ಯರು ತಮ್ಮ ವಿವೇಚನೆ ಬಳಸಲಿ ಅಂದಿತು. ಆದರೆ ಒಂದು ಮುಖ್ಯ ವಿಷಯ: ಆ ಸಾಲು ಮೂತ್ರದ ತೊಂದರೆ ಹೇಳಿಕೊಂಡು ಬಂದವರಿಗೆ. ತೊಂದರೆ ಇಲ್ಲದವರನ್ನು ಕರೆದು ಪರೀಕ್ಷಿಸುವುದಕ್ಕೆ ಅಲ್ಲ.

ನಮ್ಮಲ್ಲಿ ಕಲಸಿಹೋಗುವುದು ಈ ವ್ಯತ್ಯಾಸವೇ. ಏನೂ ತೊಂದರೆ ಇಲ್ಲದವರಿಗೆ ಮಾಡುವುದು ಸ್ಕ್ರೀನಿಂಗ್. ಮೂತ್ರದಲ್ಲಿ ರಕ್ತ, ಬಿಡದ ಸೊಂಟ ನೋವು, ಮೂಳೆ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇಂಥದ್ದು ಇದ್ದರೆ ಅದು ಸ್ಕ್ರೀನಿಂಗ್ ಅಲ್ಲ, ಕಾಯಿಲೆಯ ತನಿಖೆ. 85 ವರ್ಷವಾಗಿದ್ದರೂ ಪಿಎಸ್‌ಎ ಮಾಡಿಸಲೇಬೇಕಾದ ಸಂದರ್ಭ ಅದು. ಮೂಳೆಗೆ ಹಬ್ಬಿದ್ದರೂ ಹಾರ್ಮೋನ್ ಚಿಕಿತ್ಸೆಯಿಂದ ನೋವು ಇಳಿಸಿ ವರ್ಷಗಟ್ಟಲೆ ಓಡಾಡಿಕೊಂಡಿರುವಂತೆ ಮಾಡಬಹುದು. ‘ವಯಸ್ಸಾಯ್ತಲ್ಲ, ಸೊಂಟ ನೋವು ಇದ್ದದ್ದೇ’ ಅಂತ ಎಣ್ಣೆ ಹಚ್ಚಿಕೊಂಡು ಕೂರುವವರನ್ನು ನೆನೆದರೆ ಸಂಕಟವಾಗುತ್ತದೆ.

ನಮ್ಮ ದೇಶದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗುವವರಲ್ಲಿ ಬಹಳ ಮಂದಿ ಹಬ್ಬಿದ ಮೇಲೇ ಆಸ್ಪತ್ರೆಗೆ ಬರುತ್ತಾರೆ. ಬೆಂಗಳೂರಿನ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಇದೂ ಇದೆ. ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳು. ಪ್ರಾಸ್ಟೇಟ್ ಇಲ್ಲ. ಇನ್ನೊಂದು ಕಡೆ ಖಾಸಗಿ ಪ್ಯಾಕೇಜುಗಳು ದುಡ್ಡಿರುವವರಿಗೆ, ಹೆಚ್ಚಾಗಿ ಮಕ್ಕಳು ದೂರದಲ್ಲಿರುವ ತಂದೆಯರಿಗೆ, ಕೇಳದೆಯೇ ಈ ಪರೀಕ್ಷೆ ಮಾಡಿಬಿಡುತ್ತವೆ. ಬೇಕಾದವರಿಗೆ ಸಿಗುತ್ತಿಲ್ಲ, ಬೇಡದವರಿಗೆ ವರ್ಷಕ್ಕೊಮ್ಮೆ. ಪ್ಯಾಕೇಜಿನಲ್ಲಿ ಪಿಎಸ್‌ಎ ಇದ್ದರೆ ರಕ್ತ ಕೊಡುವ ಮೊದಲೇ ಹೇಳಬೇಕು, ರಿಪೋರ್ಟಿನಲ್ಲಿ ವಯಸ್ಸಿನ ಮಿತಿಯನ್ನೂ ಅಚ್ಚು ಮಾಡಬೇಕು. ಲ್ಯಾಬುಗಳಿಗೆ ಇದೇನು ಕಷ್ಟದ ಕೆಲಸವೇ? ಒಂದು ಸಾಲು ಶಾಯಿ ಸಾಕು.

ಇಷ್ಟೆಲ್ಲ ಆದ ಮೇಲೂ ಮಿತಿಯ ಒಳಗಿದ್ದರೆ ಕ್ಯಾನ್ಸರ್ ಇಲ್ಲವೇ ಇಲ್ಲ ಅಂತಲೂ ಇಲ್ಲ. ಅಮೆರಿಕದಲ್ಲಿ ಪಿಎಸ್‌ಎ 4 ದಾಟದ 2,950 ಜನರಿಗೆ ಬಯಾಪ್ಸಿ ಮಾಡಿ ನೋಡಿದಾಗ ಶೇಕಡಾ 15 ಜನರಲ್ಲಿ ಕ್ಯಾನ್ಸರ್ ಕಣಗಳು ಸಿಕ್ಕವು. ಆ ವರದಿ 2004ರದು. ಅಂಕಿ 0.5 ಕೂಡ ದಾಟದವರಲ್ಲೂ ಕೆಲವರಿಗೆ ಇತ್ತು. ಈ ಕಡೆ ಭಯವಿಲ್ಲ, ಆ ಕಡೆ ಭಯ ಅನ್ನುವ ಗೆರೆ ಪಿಎಸ್‌ಎಗೆ ಇಲ್ಲವೇ ಇಲ್ಲ. ಏರುತ್ತಾ ಹೋದಂತೆ ಸಂಭವ ಏರುತ್ತದೆ, ಅಷ್ಟೇ.

ಆದ್ದರಿಂದ ಒಳ್ಳೆಯ ಡಾಕ್ಟರು ಅಂಕಿಯ ಸುತ್ತಮುತ್ತ ನೋಡುತ್ತಾರೆ. ದೊಡ್ಡಪ್ಪನನ್ನು ತುಮಕೂರಿನ ಒಬ್ಬ ಮೂತ್ರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಅವರು ರಿಪೋರ್ಟನ್ನು ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, ‘ಯಜಮಾನ್ರೇ, ಯಾವ ಯಾವ ಮಾತ್ರೆ ತಗೋತೀರಿ? ಸ್ಟ್ರಿಪ್ ತಂದಿದ್ದೀರಾ?’ ಅಂತ. ದೊಡ್ಡಪ್ಪ ಜೇಬಿನಿಂದ ಎರಡು ಮೂರು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಮೂತ್ರಕ್ಕೆ ಅಂತ ಇದ್ದದ್ದು ಬರೀ ಟ್ಯಾಮ್ಸುಲೋಸಿನ್. ಡಾಕ್ಟರು ತಲೆಯಾಡಿಸಿದರು. ಅದರ ಜೊತೆ ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಇದ್ದಿದ್ದರೆ ಲೆಕ್ಕವೇ ಬೇರೆಯಂತೆ. ಆ ಮಾತ್ರೆಗಳು ಗ್ರಂಥಿಯನ್ನು ಕುಗ್ಗಿಸುತ್ತವೆ, ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅಂಥವರ ರಿಪೋರ್ಟಿನಲ್ಲಿ 3.5 ಅಂತ ಬಂದರೆ ಅದನ್ನು 7 ಅಂತ ಓದಬೇಕು. ವಯಸ್ಸಾದ ಗಂಡಸರಲ್ಲಿ ಈ ಮಾತ್ರೆ ನುಂಗುವವರು ಬಹಳ. ಲ್ಯಾಬಿನ ಮೆಷೀನಿಗೆ ಅದು ಗೊತ್ತಿರುವುದಿಲ್ಲ.

ಆಮೇಲೆ ಉರಿಮೂತ್ರ ಬಂದಿತ್ತೇ ಅಂತ ಕೇಳಿದರು. ಬಂದಿತ್ತು, ಪರೀಕ್ಷೆಗೆ ಎರಡು ವಾರ ಮೊದಲು. ಯಾರಿಗೂ ಹೇಳಿರಲಿಲ್ಲ, ಬಾರ್ಲಿ ನೀರು ಕುಡಿದು ಸುಮ್ಮನಿದ್ದರು. ಬೆರಳಿನಿಂದ ಪರೀಕ್ಷಿಸಿ, ಗ್ರಂಥಿ ಮೆತ್ತಗಿದೆ, ಗಂಟು ಸಿಗಲಿಲ್ಲ ಅಂದರು. ಮೂತ್ರ ಪರೀಕ್ಷೆ ಬರೆದುಕೊಟ್ಟು, ಆರು ವಾರ ಬಿಟ್ಟು ಅದೇ ಲ್ಯಾಬಿನಲ್ಲೇ ಮತ್ತೆ ಪಿಎಸ್‌ಎ ಮಾಡಿಸಿ ಅಂದರು. ಬೇರೆ ಲ್ಯಾಬಿನ ಕಿಟ್ ಬೇರೆ ಅಂಕಿ ಕೊಡಬಹುದು.

ಎರಡನೇ ಸಲ 4.4 ಬಂತು. ಸ್ಕ್ಯಾನಿನಲ್ಲಿ ಗ್ರಂಥಿಯ ತೂಕ 62 ಗ್ರಾಂ. ಡಾಕ್ಟರು ಕಾಗದದ ಮೂಲೆಯಲ್ಲಿ 4.4ನ್ನು 62ರಿಂದ ಭಾಗಿಸಿ 0.07 ಅಂತ ಬರೆದರು. 0.15 ದಾಟಿದ್ದರೆ ಎಂಆರ್‌ಐ ಮಾತಾಡುತ್ತಿದ್ದೆ ಅಂದರು. ದೊಡ್ಡ ಗ್ರಂಥಿ ಸ್ವಲ್ಪ ಜಾಸ್ತಿ ಸೋರುವುದು ಸಹಜ. ಹೀಗಾಗಿ ಸೋರಿಕೆಯನ್ನು ಗಾತ್ರಕ್ಕೆ ಹೋಲಿಸಿ ನೋಡುತ್ತಾರೆ. ಈಗ ಅನುಮಾನ ಇದ್ದರೂ ನೇರ ಬಯಾಪ್ಸಿಗೆ ಹೋಗದೆ ಮೊದಲು ಎಂಆರ್‌ಐ ಮಾಡುವುದು ರೂಢಿಯಾಗಿದೆ. ಎಷ್ಟೋ ಜನರಿಗೆ ಸೂಜಿ ತಪ್ಪಿದೆ.

ಕೊನೆಗೆ ಅವರು ಪೆನ್ನು ಕೆಳಗಿಟ್ಟು ಕೇಳಿದರು. ‘ಯಜಮಾನ್ರೇ, ಒಂದು ವೇಳೆ ಸಣ್ಣ ಗಡ್ಡೆ ಇದೆ ಅಂತಾನೇ ಇಟ್ಕೊಳ್ಳಿ. ಆಪರೇಷನ್ ಮಾಡಿಸ್ಕೊಳ್ತೀರಾ?’

ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ‘ಬೇಡ ಸಾರ್. ಬೈಪಾಸ್ ಬೇರೆ ಆಗಿದೆ. ರಾತ್ರಿ ನಾಲ್ಕು ಸಲ ಏಳೋದು ಕಡಿಮೆ ಮಾಡಿಕೊಡಿ, ಸಾಕು.’

ಡಾಕ್ಟರು ಡ್ಯುಟಾಸ್ಟರೈಡ್ ಸೇರಿಸಿದರು. ಶುರು ಮಾಡಿದ ದಿನಾಂಕವನ್ನು ಫೈಲಿನ ಮೇಲೆ ಬರೆದಿಡಿ, ಮುಂದೆ ಯಾರಾದರೂ ಪಿಎಸ್‌ಎ ನೋಡಿದರೆ ತೋರಿಸಿ ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಕೂತು ದೊಡ್ಡಪ್ಪನೇ ಬಾಲ್‌ಪೆನ್ನಿನಲ್ಲಿ ದಿನಾಂಕ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಮೊನ್ನೆ ಫೋನಿನಲ್ಲಿ ಹೇಗಿದ್ದೀರಿ ಅಂತ ಕೇಳಿದೆ. ‘ಈಗ ಎರಡೇ ಸಲ ಕಣಪ್ಪ ಏಳೋದು’ ಅಂದರು.